ಒಂದು ಗೀರೂ ಇಲ್ಲ

ಗಾಡಿ ಬಂದದ್ದು ಬುಧವಾರ,
ಮಧ್ಯಾಹ್ನದ ನಮಾಜಿಗೆ ನಾನು ಕೈಕಾಲು ತೊಳೆಯುವ ಹೊತ್ತಿಗೆ.
ಬೆಳ್ಳಿ ಬಣ್ಣದ ಏಳು ಸೀಟಿನ ವ್ಯಾನು. ಯೋಗಣ್ಣನದು.
ಇಳಿದವನೇ ಅಂದ:
"ಜಬಿ ಸಾಬ್ರೇ, ನಿಮ್ಮ ಕೈಗೆ ಚಿನ್ನದ ಕಡಗ ತೊಡಿಸ್ಬೇಕು.
ನೋಡಿ, ಗಾರ್ಡಿಗೆ ಒಂದು ಗೀರೂ ಇಲ್ಲ."

ನೋಡಿದೆ. ಇರಲಿಲ್ಲ.
ಎರಡಿಂಚಿನ ಪೈಪು, ನಾಲ್ಕು ಬೋಲ್ಟು ಸೀದಾ ಛಾಸಿಗೆ,
ಹೊಳೆನರಸೀಪುರ ರಸ್ತೆಯ ಇದೇ ಶೆಡ್ಡಿನಲ್ಲಿ
ಎರಡು ದೀಪಾವಳಿಯ ಹಿಂದೆ ನಾನೇ ಬೆಸೆದದ್ದು.
"ಎಮ್ಮೆ ಅಡ್ಡ ಬಂದ್ರೂ ಎಮ್ಮೆಯೇ ಹೋಗ್ಬೇಕು, ಹಂಗೆ ಮಾಡಿ" ಅಂದಿದ್ದ.
ಹಂಗೇ ಮಾಡಿದ್ದೆ.

ಅಡ್ಡ ಬಂದದ್ದು ಎಮ್ಮೆಯಲ್ಲ.
ದುದ್ದದ ಹತ್ತಿರ, ಡೇರಿಗೆ ಹಾಲು ಹಾಕಿ
ಖಾಲಿ ಕ್ಯಾನು ಹಿಡಿದು ರಸ್ತೆ ದಾಟುತ್ತಿದ್ದ ಸಾಕಮ್ಮ.
ಗಾಡಿ ನಲವತ್ತರಲ್ಲೂ ಇರಲಿಲ್ಲವಂತೆ.
ತೊಡೆಯ ಮೂಳೆ ಎರಡು ಕಡೆ, ಸೊಂಟ ಒಂದು ಕಡೆ.
ನೆಗ್ಗಿದ ಕ್ಯಾನನ್ನೂ ಅವನು ಡಿಕ್ಕಿಯಲ್ಲಿ ತಂದಿದ್ದ:
"ಪಾಪ, ಬಡಿದು ಸರಿ ಮಾಡ್ಕೊಡಿ. ದುಡ್ಡು ನಾನೇ ಕೊಡ್ತೀನಿ."

ಮೂವತ್ತೊಂದು ವರ್ಷ ನೆಗ್ಗನ್ನೇ ಉಂಡು ಬದುಕಿದವನು ನಾನು.
ಮೇಲೆ ಮರದ ಸುತ್ತಿಗೆ, ಕೆಳಗೊಂದು ಉಕ್ಕಿನ ಗಟ್ಟಿ,
ತಗಡು ಎಲ್ಲಿ ಸೋತಿದೆ ಅಂತ ಕಿವಿಗೇ ಗೊತ್ತಾಗುತ್ತದೆ.
ಕ್ಯಾನನ್ನು ತೊಡೆಯ ಮೇಲಿಟ್ಟು ಬಡಿಯುವಾಗ ಹೊಳೆಯಿತು:
ಅದು ಸೋತದ್ದಲ್ಲ. ಪೆಟ್ಟಿನಲ್ಲಿ ತನ್ನ ಪಾಲು ತಾನು ತಿಂದದ್ದು.
ಸಾಕಮ್ಮ ತಿಂದಳು, ಕ್ಯಾನು ತಿಂದಿತು.
ನನ್ನ ಪೈಪು ಮಾತ್ರ ಉಪವಾಸ.

ಕಂಪನಿಯ ಹುಡುಗನೊಬ್ಬ ಒಮ್ಮೆ ನಮ್ಮನ್ನೆಲ್ಲ ಕೂರಿಸಿ ಹೇಳಿದ್ದ:
ಗಾಡಿಯ ಮೂತಿ ಇರುವುದೇ ಮುದುಡಲಿಕ್ಕೆ,
ಒಳಗೆ ಕೂತವರ ಎದೆಗೂಡು ಮುದುಡದಿರಲಿ ಅಂತ.
ಬಂಪರಿನ ಬೆನ್ನಿಗೊಂದು ಥರ್ಮಾಕೋಲು, ಅದು ನಡೆಯುವವರ ಮೊಣಕಾಲಿಗೆ.
ಬಾನೆಟ್ಟಿನ ಅಡಿ ಖಾಲಿ ಬಿಟ್ಟ ಜಾಗ, ಅದು ಬೀಳುವವರ ತಲೆಗೆ.
"ಗುರುತಿಲ್ಲದವರ ತಲೆಗೂ ದಿಂಬು ಇಡ್ತಾರೇನ್ರೀ?" ಅಂದೆ.
ಎಲ್ಲರೂ ನಕ್ಕರು. ಪುಗಸಟ್ಟೆ ಪಫ್ಸು ಬಂದಾಗಲೇ ನಗು ನಿಂತದ್ದು.
ಗಾರ್ಡು ಕೂರಿಸಲು ಅಡ್ಡಿ ಅಂತ ಯೋಗಣ್ಣನ ಗಾಡಿಯಿಂದ ಕಿತ್ತ ಆ ದಿಂಬು
ಈಗಲೂ ಕಂಪ್ರೆಸರಿನ ಹಿಂದಿದೆ.
ಬೆಕ್ಕು ಅದರ ಮೇಲೆ ನಾಲ್ಕನೇ ಸಲ ಹೆತ್ತಿದೆ.

ಗುರುವಾರ ಹಿಂದಿನ ಸೀಟು ಬಿಚ್ಚಿದೆ.
ಹಾರನಹಳ್ಳಿಯಲ್ಲಿ ನಾಮಕರಣ ಮುಗಿಸಿ ಬರುತ್ತಿದ್ದವರು,
ಏಳು ಸೀಟಿಗೆ ಒಂಬತ್ತು ಜನ.
ಬೆಲ್ಟುಗಳೆಲ್ಲ ರೆಕ್ಸಿನ್ನಿನ ಅಡಿ ಹೊಲಿದು ಮುಚ್ಚಿದ್ದವು,
"ಕೂತವರಿಗೆ ಚುಚ್ತವೆ" ಅಂತ ಪಕ್ಕದಂಗಡಿಯ ಸುಂದರೇಶ ಮಾಡಿದ ಉಪಕಾರ.
ಮ್ಯಾಟಿನ ಮಡಿಕೆಯಲ್ಲಿ ಅಕ್ಕಿನುಚ್ಚಿನ ಹಾಗೆ ಬೆಳ್ಳಗೆ ಏನೋ.
ಹಾಲುಹಲ್ಲು.
ಅವನ ತಂಗಿಯ ಮಗಳದಿರಬೇಕು,
ಮೂರನೇ ಸಾಲಿನಿಂದ ಎರಡನೇ ಸಾಲಿಗೆ
ಒಂದೇ ಬ್ರೇಕಿಗೆ ಬಂದವಳದು.
"ಹೆಂಗೂ ಬೀಳೋ ಹಲ್ಲೇ ಬಿಡಿ" ಅಂದ ಫೋನಿನಲ್ಲಿ.
ಆಮೇಲೆ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

ಬೋಲ್ಟು ಬಿಚ್ಚಬಹುದಿತ್ತು.
ಬಿಚ್ಚಿದ್ದನ್ನು ಮತ್ತೆ ಕೂರಿಸಬಹುದು.
ಕಟರ್ ಹಿಡಿದೆ. ಕಿಡಿಗೆ ಹೆದರಿ
ಬೆಕ್ಕು ಮರಿಯೊಂದನ್ನು ಕಚ್ಚಿಕೊಂಡು ಓಡಿತು.
"ಮೂತಿ ಬೋಳು ಕಾಣುತ್ತಲ್ರೀ" ಅಂದ ಯೋಗಣ್ಣ, ಬಂದು ನೋಡಿ.
ಗೋಡೆಗೆ ಇನ್ನೆರಡು ಪೈಪು ಒರಗಿವೆ, ಸಾಲಕ್ಕೆ ತಂದವು.
ಬೇಲೂರಿನವರೊಬ್ಬರ ಅಡ್ವಾನ್ಸು ನನ್ನ ಜೇಬಿನಲ್ಲಿದೆ.
ಅವರಿಗೆ ಏನು ಹೇಳಲಿ, ಇನ್ನೂ ಗೊತ್ತಿಲ್ಲ.

ಶನಿವಾರ ಕ್ಯಾನು ಹಿಡಿದು ದೊಡ್ಡಾಸ್ಪತ್ರೆಗೆ ಹೋದೆ.
ಸಾಕಮ್ಮನ ಕಾಲು ಗಾಲಿಯ ಮೇಲಿನ ಹಗ್ಗಕ್ಕೆ ತೂಗುತ್ತಿತ್ತು,
ಹಗ್ಗದ ತುದಿಗೆ ಮರಳಿನ ಚೀಲ.
ಕ್ಯಾನನ್ನು ತಿರುಗಿಸಿ ತಿರುಗಿಸಿ ನೋಡಿದಳು,
ಹೊಟ್ಟೆಯ ಹತ್ತಿರ ಉಳಿದ ತಗ್ಗಿಗೆ ಹೆಬ್ಬೆರಳಿಟ್ಟಳು.
"ಈಗ ಎಷ್ಟು ಹಿಡಿಯುತ್ತೆ?"
"ಒಂದು ಲೋಟ ಕಮ್ಮಿ, ಅಮ್ಮ."
"ನೀನು ಯಾರ ಕಡೆಯವನಪ್ಪ?"
ಬಾಗಿಲಲ್ಲಿ ನರ್ಸು, ಟೈಮಾಯ್ತು ಅನ್ನುತ್ತಿದ್ದಳು.
"ಕ್ಯಾನು ರಿಪೇರಿಯವನು" ಅಂದೆ.