ಕಾಣದ ಸೋರಿಕೆ

ಹತ್ತೊಂಬತ್ತು ವರ್ಷ ನಂದಿಬೆಟ್ಟದ ಮೇಲೆ
ನಲ್ಲಿ ನೋಡಿಕೊಂಡವನು ನಾನು, ಪಿಳ್ಳಪ್ಪ.
ಮುಂಗಾರು ಹಿಡಿದರೆ ರಾತ್ರಿಯೆಲ್ಲ
ಟಿಕ್ ಟಿಕ್ ಟಿಕ್.
ಎಲ್ಲೋ ಸೋರುತ್ತಿದೆ ಎಂದು
ಗೋಣಿ ಹೊದ್ದು, ಸ್ಪ್ಯಾನರ್ ಹಿಡಿದು
ಮಂಜಿನಲ್ಲಿ ಒಂದೊಂದೇ ವಾಲ್ವು ಬಿಗಿ ಮಾಡುತ್ತ ಹೋಗುವೆ.
ಹೋದಲ್ಲಿ ಸುಮ್ಮನಾಗುತ್ತದೆ.
ಬೆನ್ನು ತಿರುಗಿಸಿದರೆ, ಟಿಕ್.
ಎಂಜಿನಿಯರಿಗೆ ಅರ್ಜಿಯನ್ನೂ ಬರೆಸಿದ್ದೆ:
‘ಮೇಲಿನ ಲೈನಿನಲ್ಲಿ ಕಾಣದ ಸೋರಿಕೆ.’

ನಮ್ಮದು ನೀರುಗಂಟಿ ಮನೆತನ.
ತಾತ ತೂಬಿನ ಮೇಲೆ ಕೂತು
ನೆರಳು ಅಳೆದು ಗದ್ದೆಗಳಿಗೆ ನೀರು ಬಿಟ್ಟವನು.
ಒಂದು ಹನಿ ದಿಕ್ಕು ತಪ್ಪಿದರೂ
ನಮಗೆ ನಿದ್ದೆ ಹತ್ತುವುದಿಲ್ಲ.

ಹೋದ ಆಷಾಢ ಒಬ್ಬಳು ಹುಡುಗಿ ಬಂದಳು,
ಶಿಡ್ಲಘಟ್ಟದ ರೀಲರ್ ಮಗಳು ನೂರ್ ಆಯಿಷಾ,
ಹಣೆಗೆ ದೀಪ ಕಟ್ಟಿಕೊಂಡು.
‘ವಾಲ್ವು ಬಿಡಿ ಪಿಳ್ಳಪ್ಪಣ್ಣ, ಎಲೆ ನೋಡಿ.’
ಎಲೆಯ ಮೇಲೆ
ಹುಣಸೆಬೀಜದಷ್ಟು ಜೀವ,
ಗಂಟಲು ಮಾತ್ರ ಗೋಲಿಯ ಹಾಗೆ ಉಬ್ಬಿಸಿ:
ಟಿಕ್.

ಬೈಯಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ.

‘ಇದಕ್ಕೆ ಕೆರೆ ಬೇಡ, ಕುಂಟೆ ಬೇಡ.
ಬಾಲದ ಮರಿಯಾಗಿ ಈಜುವುದೆಲ್ಲ
ಮೊಟ್ಟೆಯೊಳಗೇ ಮುಗಿದುಹೋಗುತ್ತದೆ’ ಎಂದಳು.
ಆಮೇಲೆ ಫೋನಿನಲ್ಲಿ ಇನ್ನೊಂದು ಕಪ್ಪೆ,
ಕಡಲುಗಳಾಚೆ, ಹೀಗೇ ಮೋಡ ಬಂದು ಕೂರುವ ಕಾಡಿನದು.
ತಾಯಿಯ ಬೆನ್ನಲ್ಲೇ ಚೀಲ.
ಗಂಡು ಹಿಂಗಾಲಿನಿಂದ ಮೊಟ್ಟೆಗಳನ್ನು
ಮೆಲ್ಲಗೆ ಒಳಕ್ಕೆ ತಳ್ಳುತ್ತದಂತೆ,
ಬಾಗಿಲು ಮುಚ್ಚುತ್ತದಂತೆ.
ಒಂದು ಕೆರೆಯನ್ನೇ ಬೆನ್ನ ಮೇಲೆ ಹೊತ್ತು
ಮರ ಹತ್ತುತ್ತಾಳಂತೆ ಅವಳು!
ತೂಬು ಯಾರ ಕೈಯಲ್ಲಿ? ಕೇಳಿದೆ.
ನೂರ್ ನಕ್ಕಳು. ನಾನು ನಗಲಿಲ್ಲ.

ಚಿಕ್ಕವನಿದ್ದಾಗ, ಮಳೆ ತಡವಾದ ಒಂದು ವರ್ಷ
ಹಲಗೆಗೆ ಸಗಣಿ ಮೆತ್ತಿ, ಕಪ್ಪೆ ಕೂರಿಸಿ
ನನ್ನ ತಲೆಗೆ ಹೊರಿಸಿದ್ದರು.
ಮನೆಮನೆ ಮುಂದೆ ಕೊಡ ನೀರು ಸುರಿದರು
ನನ್ನ ಮೇಲೂ, ಅದರ ಮೇಲೂ.
ಅಜ್ಜಿ ಒಬ್ಬಳೇ ಅಡ್ಡ ಬಂದು
ತೆಲುಗಿನಲ್ಲಿ ಗದರಿದಳು:
‘ಪಾಪಂರಾ, ಅದಿ ಕಡುಪುತೋ ಉಂದಿ.’
ಬಸುರಿ, ಬಿಟ್ಟುಬಿಡಿ.
ಯಾರೂ ಬಿಡಲಿಲ್ಲ. ಮಳೆ ಬಂತೋ ಇಲ್ಲವೋ
ಮರೆತಿದ್ದೇನೆ. ನೆತ್ತಿಯ ಮೇಲಿನ
ಆ ತಣ್ಣನೆ ಮಿಡಿತ ಮರೆತಿಲ್ಲ.

ಈ ಶ್ರಾವಣ ಹಾಯಾಗಿ ಮಲಗಿದೆ.
ಟಿಕ್ ಟಿಕ್. ಕೂಗಲಿ ಪಾಪ, ಎಂದುಕೊಂಡೆ.
ಬೆಳಿಗ್ಗೆ ಟ್ಯಾಂಕು ಖಾಲಿ:
ನಿಜವಾಗಿಯೂ ಸೋರಿತ್ತು.
ಎರಡು ದಿನದ ಸಂಬಳ ಹಿಡಿದರು.

ಆ ಕೀಲನ್ನು ನಾನೇ ಬಿಗಿ ಮಾಡಿದೆ,
ಕೊನೆಯ ಅರ್ಧ ಸುತ್ತು ಬಿಟ್ಟು.
ಅದಕ್ಕೆ ಈ ನೀರು ಬೇಡವೆಂದು ಗೊತ್ತು.
ಆದರೂ.
ತಾತ ಕೇಳಿದರೆ
ಯಾವ ಗದ್ದೆಯ ಲೆಕ್ಕಕ್ಕೆ ಬರೆಯಲಿ?