ತೂಕದ ಮಾತು

ಒಲ್ದ್ರಿಖ್‌ಗೆ ಮೊದಲು ಹೇಳಿದೆ: ಡಯಟ್ ಮಾಡ್ತಿದ್ದೇನೆ.
ಕೇಳದೆಯೇ ಮಗ್ಗು ತಂದಿಡುವವನು ಅವನು.
ನಮ್ಮ ಓಸ್ಟ್ರಾವದಲ್ಲಿ ಬೇಡವೆನ್ನಲು ಬಾಯಿ ಬೇಕಿಲ್ಲ,
ಮಗ್ಗಿನ ಬಾಯಿಗೆ ರಟ್ಟಿನ ಬಿಲ್ಲೆ ಮುಚ್ಚಿದರಾಯಿತು.
ನನ್ನ ಬಿಲ್ಲೆ ಹದಿನೇಳು ವರ್ಷ
ಮಗ್ಗಿನಡಿಯಲ್ಲೇ ಒದ್ದೆಯಾಗುತ್ತಿತ್ತು.

"ನೀನಾ?" ಎಂದ.
"ಸಮವಸ್ತ್ರದ ಗುಂಡಿ ಹಾರಿಹೋಯಿತು ಮಾರಾಯ,
ಟ್ರಾಮಿನ ಗಾಜಿಗೆ ಟಪ್ಪನೆ ಬಡಿಯಿತು" ಎಂದೆ.
ಇಡೀ ಮೇಜು ನಕ್ಕಿತು.
ನಗು ಬಂದ ಜಾಗಕ್ಕೆ ಪ್ರಶ್ನೆ ಬರುವುದಿಲ್ಲ.

ಕುಡಿತ ಬಿಟ್ಟೆ ಅಂದರೆ
ಜನ ನಿನ್ನೆ ಮೊನ್ನೆಯನ್ನೆಲ್ಲ ಎಣಿಸತೊಡಗುತ್ತಾರೆ.
ಡಯಟ್ ಅಂದರೆ
ಸೌತೆಕಾಯಿಯ ಬಗ್ಗೆ ಬುದ್ಧಿ ಹೇಳುತ್ತಾರೆ, ಅಷ್ಟೇ.

ಶಿಫ್ಟಿಗೆ ಮುನ್ನ ನಳಿಗೆಗೆ ಊದಬೇಕು ನಾವು.
ಶಾಲೆಯಲ್ಲಿ ಲೆಕ್ಕಕ್ಕೆ ಸೊನ್ನೆ ಸುತ್ತಿದವಳು,
ರಾತ್ರಿಯ ಮಗ್ಗನ್ನು ಮುಂಜಾವದ ನಾಲ್ಕರಿಂದ ಕಳೆಯುವುದರಲ್ಲಿ
ಒಂದು ದಿನವೂ ತಪ್ಪಿದವಳಲ್ಲ.
ಫೆಬ್ರವರಿಯ ಒಂದು ಬೆಳಗ್ಗೆ ಶೇಷ ಉಳಿಯಿತು.
ಡಿಪೋದ ಮೆಟ್ಟಿಲ ಮೇಲೆ ಕೂತು ಫೋನು ಮಾಡಿದೆ:
ಹೊಟ್ಟೆ ಸರಿಯಿಲ್ಲ.

ನನ್ನ ಟ್ರಾಮು ಜ್ದೆಂಕಾ ಓಡಿಸಿದಳು.
ಗಣಿಯ ಕಸದ ಗುಡ್ಡ ಕಾಣುವ ತಿರುವಿದೆಯಲ್ಲ
(ಒಳಗಿನ್ನೂ ಉರಿಯುತ್ತಿದೆ ಅದು, ಹಿಮ ನಿಲ್ಲುವುದಿಲ್ಲ ನೆತ್ತಿಯಲ್ಲಿ)
ಅಲ್ಲಿ ಒಂದು ಮಗುವಿನ ಜಾರುಬಂಡಿ ಹಳಿಗೆ ಬಂತು.
ಬಂಡಿಯ ಹಿಂದೆ ಮಗು.
ಬ್ರೇಕು ಹಾಕಿದಳು. ಏನೂ ಆಗಲಿಲ್ಲ.
ಚಹಾ ಕುಡಿಯುತ್ತ ಹೇಳಿ ಮರೆತೂಬಿಟ್ಟಳು.

ಆ "ಏನೂ ಆಗಲಿಲ್ಲ" ನನಗೆ ಇವತ್ತಿಗೂ ಅರಗಿಲ್ಲ.

ಏನೇನನ್ನು ಹೊಟ್ಟೆಗೆ ಹಾಕಿಕೊಂಡಿಲ್ಲ ನಾನು!
ಬಿಟ್ಟುಹೋದವನನ್ನು, ಅವನ ಸಾಲವನ್ನು,
ಮೇಲಧಿಕಾರಿಯ ಜೋಕನ್ನು.
ಒಳಗಿಳಿಸಲು ಒಂದಿಷ್ಟು ನೊರೆ ಬೇಕಿತ್ತು ಪ್ರತಿಯೊಂದಕ್ಕೂ.
ಹೊಟ್ಟೆ ಬೆಳೆಯದೆ ಇನ್ನೇನಾದೀತು?

ಬಿಟ್ಟ ಮೊದಲ ತಿಂಗಳು ಎರಡು ಕಿಲೋ ಏರಿದೆ.
ರಾತ್ರಿ ಹತ್ತಕ್ಕೆ ಗಸಗಸೆ ಬನ್ನು, ನಿಂತೇ, ಫ್ರಿಜ್ಜಿನ ಬೆಳಕಲ್ಲಿ.
ತಕ್ಕಡಿಗೆ ಏನು ಗೊತ್ತು,
ಯಾವುದನ್ನು ಇಳಿಸಿಟ್ಟು ಮೇಲೆ ಹತ್ತಿದ್ದೇನೆ ಎಂದು.
ಸಂಜೆಗಳು ಮಾತ್ರ ಉದ್ದವಾದವು.
ಒಲ್ದ್ರಿಖ್ ನನ್ನ ಚೀಟಿಯಲ್ಲಿ ಗೀಟು ಎಳೆಯುವುದನ್ನು ಬಿಟ್ಟ,
ಸೋಡಾದ ಬೆಲೆ ಬರೆದ.
ಅದೇ ಗೆಳೆಯರು, ಅದೇ ಕಥೆ;
ಮೂರನೆಯ ಸಲವೂ ನಕ್ಕೆ, ಸ್ವಲ್ಪ ತಡವಾಗಿ.

ನವೆಂಬರಿನಲ್ಲಿ ಸಂತ ಮಾರ್ತಿನನ ಹಬ್ಬ.
ಹೆಬ್ಬಾತು, ಕೆಂಪು ಕೋಸು, ಆಲೂಗಡ್ಡೆಯ ಕಡುಬು,
ಈ ವರ್ಷದ ಹೊಸ ವೈನು.
ಅತ್ತಿಗೆ ಬ್ಲಾಂಕಾ ಫೋನು ತೆಗೆದು ಹುಡುಕಿದಳು:
"ಒಂದು ಲೋಟಕ್ಕೆ ನೂರು ಕ್ಯಾಲೊರಿ ಚಿಲ್ಲರೆ ಕಣೇ,
ನಾಳೆ ಎರಡು ಸ್ಟಾಪು ನಡೆ, ಕರಗುತ್ತೆ."

ಸುಳ್ಳಿನ ತೂತು ಆಗ ಕಂಡಿತು ನನಗೆ.
ಡಯಟ್ಟಿಗೆ ಹಬ್ಬದ ರಜೆ ಉಂಟು.

ಮಾತು ಹೊರಡಲಿಲ್ಲ. ಕಡುಬು ಬಡಿಸಿಕೊಂಡೆ.
ಮತ್ತೆ ಬಡಿಸಿಕೊಂಡೆ. ಬಾತಿನ ಕೊಬ್ಬಿನ ಗರಿ ಚರ್ಮ,
ಇನ್ನೊಂದು ಕಡುಬು.
"ಇದ್ಯಾವ ಸೀಮೆಯ ಡಯಟ್?" ಬ್ಲಾಂಕಾಳ ಮಗ ಕಿಸಕ್ಕೆಂದ.
ಬಾಟಲಿ ಸುತ್ತು ಹೊಡೆದು ನನ್ನತ್ತ ಬಾಗಿತು.

ಪಕ್ಕದಲ್ಲಿ ಮುದುಕಿ ಹೆಡ್ವಿಕಾ.
ಗಣಿಯಿಂದ ನೇರ ಹೆಂಡದಂಗಡಿಗೆ ಹೋಗಿ ಬರುವ ಗಂಡನನ್ನು
ಮೂವತ್ತು ವರ್ಷ ಬಾಗಿಲಿಂದ ಎತ್ತಿ ಮಂಚಕ್ಕೆ ಹಾಕಿದವಳು.
ತೂಕ ಅಂದರೇನೆಂದು ಅವಳ ತೋಳಿಗೆ ಗೊತ್ತು.
ನನ್ನ ಮುಖ ನೋಡಲಿಲ್ಲ.
ತನ್ನ ತಟ್ಟೆಯ ಮೂಳೆಯನ್ನೇ ಬಿಡಿಸುತ್ತ
ಎಡಗೈ ಚಾಚಿ
ಜಿಡ್ಡು ಜಿಡ್ಡಾದ ಅಂಗೈಯನ್ನು
ನನ್ನ ಲೋಟದ ಬಾಯಿಗೆ ಮುಚ್ಚಿಟ್ಟಳು.

ಬಾಟಲಿ ಸ್ವಲ್ಪ ಹೊತ್ತು ಕಾದು ಮುಂದೆ ಹೋಯಿತು.

"ಕೋಸು ಹಾಕಿಕೋ," ಎಂದಳು. "ಏನೂ ತಿಂದಿಲ್ಲ ನೀನು."