ಒಪ್ಪು

ಇನ್ನೂರು ರೂಪಾಯಿಯ ಛಾಪಾ ಕಾಗದ,
ಅದರ ಬೆನ್ನಿಗೆ ಹೊಲಿದ ಏಳು ಹಾಳೆ.
ಒನ್ನಾಂ ಕಕ್ಷಿ: ಗ್ರಾಮ ಪಂಚಾಯತು.
ರಂಡಾಂ ಕಕ್ಷಿ: ನಾವು,
ಉದಯ ವಾಚನಾಲಯದ ಹಿಂದಿನ ಕೋಣೆಯಲ್ಲಿ
ಎರಡು ನೀರಹಾಸಿಗೆ, ಒಂದು ಗಾಲಿಕುರ್ಚಿ,
ಸ್ಪಿರಿಟ್ಟಿನ ಕ್ಯಾನು ಇಟ್ಟುಕೊಂಡ ಹನ್ನೊಂದು ಮಂದಿ.

ಕಾಗದ ಪೂರಾ ಮಲಯಾಳದಲ್ಲಿ.
ಕನ್ನಡದ ಪ್ರತಿ ಕೇಳಿದೆ.
ಸೆಕ್ರೆಟರಿ ಪಯ್ಯನ್ನೂರಿನವರು, ಒಳ್ಳೆಯವರು,
ಕನ್ನಡಕ ತೆಗೆದು ಒರೆಸಿದರು:
"ತರ್ಜುಮೆಯ ಹುದ್ದೆ ಖಾಲಿ ಉಂಟು ಟೀಚರೇ,
ನೀವೇ ಮಾಡಿ ತಂದರೆ ನಾನು ಸೀಲು ಹಾಕುತ್ತೇನೆ."
ಹಾಗೆ ನಮ್ಮ ಮೊದಲ ಸ್ವಯಂಸೇವೆ
ಅವರ ಆಫೀಸಿನದ್ದೇ ಆಯಿತು.

ಮೂರು ಸಂಜೆ ಹಿಡಿಯಿತು.
ಸಫ್ರೀನಾ ಓದಿದಳು, ನಾನು ಬರೆದೆ,
ಪೌಲಿನ್ ಬಾಯಿ ಚಾ ಕಾಸಿದರು.
ವಾಹನ ಅವರದು, ಡೀಸೆಲ್ ಅವರದು,
ವಾರಕ್ಕೆರಡು ದಿನ ನರ್ಸಮ್ಮ ಅವರದು.
ಗುಡ್ಡ ಹತ್ತುವ ಕಾಲು ನಮ್ಮದು.
ಹಾಸಿಗೆ ತೂತಾದರೆ ಆ ತೂತು ನಮ್ಮದು.
ಐದನೇ ಕಲಮು: ಎರಡನೇ ಕಕ್ಷಿಯು
ಯಾವುದೇ ಪ್ರತಿಫಲ ಬಯಸತಕ್ಕದ್ದಲ್ಲ.
"ಚಾ ಕುಡಿಯಬಹುದಾ, ಅದೊಂದು ನೋಡು ಮಾರಾಯ್ತಿ"
ಎಂದರು ಪೌಲಿನ್ ಬಾಯಿ.

ಕೊನೆಯ ಹಾಳೆಯಲ್ಲಿ ಸಫ್ರೀನಾ ನಿಂತಳು.
ಒಪ್ಪು, ಅಂದಳು.
ಮಲಯಾಳದಲ್ಲಿ ಅದು ಸಹಿ. ಕನ್ನಡದಲ್ಲಿ?
ಮನಸ್ಸು, ಅಂದೆ. ಹುಡುಗನ ಕಡೆಯವರು ಬಂದಾಗ
ಒಳಮನೆಯಿಂದ ಬರಬೇಕಾದ ಉತ್ತರ.
"ಹಾಗಾದರೆ ಒಪ್ಪದೆಯೂ ಒಪ್ಪು ಹಾಕಬಹುದು, ಅಲ್ಲವಾ?"
ನನ್ನ ಅಮ್ಮ ಹಾಕಿದ್ದು ಅದನ್ನೇ
ಎಂದು ಹೇಳಹೊರಟು, ಬಿಟ್ಟೆ.
"ಒಪ್ಪಂ ಅಂದರೆ ಜೊತೆಗೆ. ಅದೂ ಇದರ ನೆಂಟನೇ ಇರಬೇಕು."
ಇರಬಹುದು. ಬರೆಯಲು ಅದಕ್ಕೆ ಕಲಮು ಇರಲಿಲ್ಲ.

ಏಳು ಹಾಳೆಯಲ್ಲಿ ಎಲ್ಲೂ ಇಲ್ಲದ ಹೆಸರು ದೂಮಪ್ಪಣ್ಣನದು.
ಮೂವತ್ತು ವರ್ಷ ಮುರಕಲ್ಲು ಕಡಿದ ಬಲಗೈ
ಈಗ ಅವರ ಹೊಟ್ಟೆಯ ಮೇಲೆ
ಇನ್ನೊಬ್ಬರ ಕೈಯ ಹಾಗೆ ಮಲಗಿದೆ.
ಬೆನ್ನಿನ ಹುಣ್ಣು ತೊಳೆದು, ಹತ್ತಿ ಬದಲಿಸಿ,
ಮಗ್ಗುಲು ತಿರುಗಿಸಿ, ಪುಸ್ತಕ ಚಾಚುತ್ತೇವೆ.
ಹನ್ನೊಂದನೇ ಕಲಮು: ಪ್ರತಿ ಭೇಟಿಗೂ ಫಲಾನುಭವಿಯ ಒಪ್ಪು.
ಎಡಗೈಯಲ್ಲಿ ಪೆನ್ನು ಹಿಡಿದು
ಒಂದು ದಿನ ಇರುವೆಯ ಸಾಲು ಬರೆಯುತ್ತಾರೆ,
ಒಂದು ದಿನ ಮುರಿದ ಕೊಡೆಯ ಕಡ್ಡಿ,
ನೋವು ಜಾಸ್ತಿಯಿದ್ದರೆ ಬರೇ ಚುಕ್ಕೆ.
ಆ ಚುಕ್ಕೆ ಮುಗಿಯುವಷ್ಟರಲ್ಲಿ
ಕೆಳಗೆ ರಸ್ತೆಯಲ್ಲಿ ಡ್ರೈವರ್ ಬಿಜೇಶ
ಎರಡು ಸಲ ಹಾರ್ನ್ ಹಾಕಿರುತ್ತಾನೆ.

ಮಾರ್ಚಿನಲ್ಲಿ ಲೆಕ್ಕ ತಪಾಸಣೆ.
ಕೆಂಪು ಶಾಯಿಯ ಆಕ್ಷೇಪ:
ಫಲಾನುಭವಿ ಹದಿನಾಲ್ಕರ ಒಪ್ಪುಗಳು
ಒಂದಕ್ಕೊಂದು ಹೊಂದುವುದಿಲ್ಲ. ಸಮಜಾಯಿಷಿ ನೀಡತಕ್ಕದ್ದು.
ಅಲ್ಲಿಯ ತನಕ ಡೀಸೆಲ್ ಇಲ್ಲ.

ಏಪ್ರಿಲಿನ ಮೊದಲ ಮಂಗಳವಾರ
ಮೊಯ್ದುವಿನ ಆಟೋದಲ್ಲಿ ಹೋದೆವು.
ಪದವಿನ ಏರಿನಲ್ಲಿ ಇಳಿದು ನೂಕಿದೆವು.
ಹುಣ್ಣಿಗೆ ಕರಾರು ಮುಗಿದದ್ದು ಗೊತ್ತಿರಲಿಲ್ಲ,
ಎಂದಿನಷ್ಟೇ ಕೀವು.
ಪುಸ್ತಕ ತಪಾಸಣೆಯವರ ಮೇಜಿನಲ್ಲೇ ಉಳಿದಿತ್ತು.
ಆದರೂ ಮಗ್ಗುಲು ತಿರುಗಿಸಿದ ಮೇಲೆ
ದೂಮಪ್ಪಣ್ಣನ ಎಡಗೈ ಮೇಲೆದ್ದು ಪೆನ್ನು ಕೇಳಿತು.
ಸಫ್ರೀನಾ ಹಿಂದೆಮುಂದೆ ನೋಡಿ
ಪೆನ್ನು ಕೊಟ್ಟಳು, ತನ್ನ ಅಂಗೈಯನ್ನೂ.
ಏನೋ ಗೀಚಿದರು. ಬಸ್ಸಿನವರೆಗೆ
ಅವಳು ಆ ಕೈ ಮಡಚಲಿಲ್ಲ.

ಈಗ ರಾತ್ರಿ. ಸಮಜಾಯಿಷಿ ಬರೆಯುತ್ತಿದ್ದೇನೆ,
ಎಡಕ್ಕೆ ಕನ್ನಡ, ಬಲಕ್ಕೆ ಮಲಯಾಳ:
ಮಾನ್ಯರೇ, ಸದರಿ ಒಪ್ಪುಗಳೆಲ್ಲ ಒಬ್ಬರವೇ.
ದಿನಗಳು ಬೇರೆ ಬೇರೆ ಇದ್ದವು.
ಆಟೋ ಬಾಡಿಗೆ ನೂರಾ ಎಂಬತ್ತು,
ರಶೀದಿ ಇಲ್ಲ.